ವಕೀಲರ ವೃತ್ತಿಧರ್ಮ, ನ್ಯಾಯಾಧೀಶರ ನಡತೆ: ವ್ಯಾಪಾರಿಗಳು ತಿಳಿದಿರಬೇಕಾದ ನಿಯಮಗಳು

ಶಿವಾಜಿನಗರ, ಹಲಸೂರು, ಇಂದಿರಾನಗರ ಭಾಗದ ವ್ಯಾಪಾರಸ್ಥರ ಬಾಯಲ್ಲಿ ಕೋರ್ಟು ಎಂದರೆ ಸಾಮಾನ್ಯವಾಗಿ ಮೇಯೊ ಹಾಲ್ ಎಂದೇ ಅರ್ಥ. 1947ರ ಜುಲೈವರೆಗೆ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿದ್ದು, ಮೈಸೂರು ಸಂಸ್ಥಾನದಿಂದ ಬೇರೆಯಾಗಿಯೇ ನ್ಯಾಯಾಡಳಿತ ಕಂಡಿದ್ದ ಈ ದಂಡು ಪ್ರದೇಶದಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತುವುದು ವ್ಯಾಪಾರದ ಒಂದು ಅಂಗವೇ ಆಗಿದೆ. ಅಮಾನ್ಯವಾದ ಚೆಕ್ಕು, ಮಳಿಗೆಯ ಬಾಡಿಗೆ, ಸರಬರಾಜು ಮಾಡಿದ ಸರಕಿನ ಬಾಕಿ ಹಣ, ಪಾಲುದಾರರ ಮನಸ್ತಾಪ, ಹೀಗೆ ಕಾರಣಗಳು ಹಲವು. ಖರೀದಿ ಬಿಲ್ಲಿನಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ಪತ್ತೆ ಹಚ್ಚುವ ವ್ಯಾಪಾರಿ, ವಕಾಲತ್ತು ಪತ್ರಕ್ಕೆ ಮಾತ್ರ ಓದದೆ ಸಹಿ ಹಾಕುತ್ತಾನೆ; ವಕೀಲರಿಗೆ ಕೊಟ್ಟ ಹಣಕ್ಕೆ ರಸೀದಿ ಕೇಳಲು ಸಂಕೋಚಪಡುತ್ತಾನೆ. ತೊಂದರೆ ಎದುರಾದಾಗ ಎಲ್ಲಿ ದೂರಬೇಕೆಂಬುದೂ ಆತನಿಗೆ ತಿಳಿದಿರುವುದಿಲ್ಲ.

ವಕೀಲರ ನಡತೆಯನ್ನು ನಿಯಂತ್ರಿಸುವ ಮೂಲ ಕಾನೂನು 1961ರ ವಕೀಲರ ಅಧಿನಿಯಮ. ಅದರ 49ನೇ ಪ್ರಕರಣದ ಅಧಿಕಾರ ಬಳಸಿ ಭಾರತೀಯ ವಕೀಲರ ಪರಿಷತ್ತು ರಚಿಸಿರುವ ನಿಯಮಗಳ 6ನೇ ಭಾಗದ 2ನೇ ಅಧ್ಯಾಯದಲ್ಲಿ ವಕೀಲರು ನ್ಯಾಯಾಲಯಕ್ಕೆ, ಕಕ್ಷಿದಾರರಿಗೆ, ಎದುರು ಪಕ್ಷಕ್ಕೆ ಮತ್ತು ಸಹವೃತ್ತಿಯವರಿಗೆ ಸಲ್ಲಿಸಬೇಕಾದ ಕರ್ತವ್ಯಗಳನ್ನು ಹೇಳಲಾಗಿದೆ. ವ್ಯಾಪಾರಿಗೆ ಇವುಗಳಲ್ಲಿ ಅತ್ಯಂತ ಉಪಯುಕ್ತವಾದವು ಹಣಕಾಸಿಗೆ ಸಂಬಂಧಿಸಿದ ನಿಯಮಗಳು. ಆದರೆ ಅತಿ ಕಡಿಮೆ ಬಳಕೆಯಾಗುವವೂ ಅವೇ.

ಲೆಕ್ಕ ಕೇಳುವ ಹಕ್ಕು

25ನೇ ನಿಯಮದಂತೆ ವಕೀಲರು ಕಕ್ಷಿದಾರನಿಂದ ಬಂದ ಹಣಕ್ಕೂ ಆತನ ಪರವಾಗಿ ಮಾಡಿದ ವೆಚ್ಚಕ್ಕೂ ದಿನಾಂಕಸಹಿತವಾಗಿ ಲೆಕ್ಕ ಇಡಬೇಕು. ಬಂದ ಹಣ ಶುಲ್ಕಕ್ಕೋ ಖರ್ಚಿಗೋ ಎಂಬುದನ್ನು ಲೆಕ್ಕದಲ್ಲಿ ನಮೂದಿಸಬೇಕೆಂದು 26ನೇ ನಿಯಮ ಹೇಳುತ್ತದೆ. ಖರ್ಚಿಗೆಂದು ಕೊಟ್ಟ ಹಣವನ್ನು ಕಕ್ಷಿದಾರನ ಲಿಖಿತ ಒಪ್ಪಿಗೆಯಿಲ್ಲದೆ ಶುಲ್ಕಕ್ಕೆ ವರ್ಗಾಯಿಸಿಕೊಳ್ಳುವಂತಿಲ್ಲ. ಕೆ.ಆರ್. ಪುರದ ಸಣ್ಣ ತಯಾರಕನೊಬ್ಬ ವಸೂಲಿ ದಾವೆಯ ನ್ಯಾಯಾಲಯ ಶುಲ್ಕಕ್ಕೆಂದು 40,000 ರೂಪಾಯಿ ಕೊಟ್ಟನೆನ್ನೋಣ. ದಾವೆ ಹೂಡುವ ಮೊದಲೇ ರಾಜಿಯಾಯಿತು. ಆ ಹಣ ಆತನದೇ. ವಕೀಲರ ಶುಲ್ಕ ಬಾಕಿ ಇದ್ದರೆ ಅದನ್ನು ಕಳೆದು ಉಳಿದದ್ದನ್ನು ಹಿಂದಿರುಗಿಸಬೇಕು. ಶುಲ್ಕವೆಷ್ಟೆಂದು ಮೊದಲೇ ನಿಗದಿಯಾಗಿರದಿದ್ದರೆ ನ್ಯಾಯಾಲಯದ ನಿಯಮಗಳಂತೆ ಸಲ್ಲುವಷ್ಟನ್ನು ಮಾತ್ರ ಕಳೆಯಬಹುದು.

ಎದುರು ಪಕ್ಷದಿಂದ ಕಕ್ಷಿದಾರನ ಪರವಾಗಿ ಹಣ ಬಂದರೆ ವಿಳಂಬವಿಲ್ಲದೆ ತಿಳಿಸುವುದು ವಕೀಲರ ಹೊಣೆ. ಕೈಯಲ್ಲಿರುವ ಕಕ್ಷಿದಾರನ ಹಣವನ್ನು ಸಾಲವೆಂದು ಮಾರ್ಪಡಿಸಿಕೊಳ್ಳುವಂತಿಲ್ಲ, ಕಕ್ಷಿದಾರನಿಗೆ ಸಾಲ ಕೊಡುವಂತೆಯೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾದುದು 30ನೇ ನಿಯಮ: ಕಕ್ಷಿದಾರ ಕೇಳಿ, ನಕಲಿನ ವೆಚ್ಚ ಭರಿಸಿದರೆ ವಕೀಲರು ಆತನ ಲೆಕ್ಕದ ಪ್ರತಿಯನ್ನು ಕೊಡಬೇಕು. ಹೀಗೆ ಕೇಳುವುದರಲ್ಲಿ ಅವಮಾನದ ಪ್ರಶ್ನೆಯಿಲ್ಲ. ಬ್ಯಾಂಕಿನಿಂದ ಖಾತೆಯ ವಿವರ ಪಡೆಯುವಷ್ಟೇ ಸಹಜ ಇದು.

ಇಲ್ಲಿ ವ್ಯಾಪಾರಿಯ ತಪ್ಪೂ ಇರುತ್ತದೆ. ಶುಲ್ಕವನ್ನು ನಗದಾಗಿ, ಕಂತುಕಂತಾಗಿ, ಚೀಟಿಯಿಲ್ಲದೆ ಕೊಟ್ಟು ವರ್ಷಾಂತ್ಯದಲ್ಲಿ ‘ಕಾನೂನು ವೆಚ್ಚ’ ಎಂಬ ಒಂದೇ ಸಾಲಿನಲ್ಲಿ ಬರೆಯುವವರು ಹಲವರು. ಒಂದೇ ದಿನದಲ್ಲಿ ಒಬ್ಬರಿಗೆ 10,000 ರೂಪಾಯಿ ಮೀರಿದ ನಗದು ಪಾವತಿ ಆದಾಯ ತೆರಿಗೆಯ ಲೆಕ್ಕದಲ್ಲಿ ವೆಚ್ಚವಾಗಿ ಸಲ್ಲುವುದಿಲ್ಲ. ಜಿಎಸ್‌ಟಿ ನೋಂದಣಿಯ ಮಿತಿ ಮೀರಿದ ವ್ಯಾಪಾರಿ ವಕೀಲರ ಶುಲ್ಕದ ಮೇಲಿನ ತೆರಿಗೆಯನ್ನು ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ತಾನೇ ಕಟ್ಟಬೇಕು. ರಸೀದಿಯಿಲ್ಲದ ಪಾವತಿಯಿಂದ ಈ ಎರಡೂ ಕಡೆ ನಷ್ಟ. ಮುಂದೆ ವಕೀಲರೊಂದಿಗೆ ವಿವಾದ ಬಂದರೆ ಆಧಾರವೂ ಇರುವುದಿಲ್ಲ. ಬ್ಯಾಂಕ್ ಮೂಲಕ ಪಾವತಿಸಿ, ಯಾವ ಬಾಬ್ತು ಎಂಬುದನ್ನು ಒಂದು ಸಾಲಿನ ಪತ್ರದಲ್ಲಿ ತಿಳಿಸಿಟ್ಟರೆ 26ನೇ ನಿಯಮ ತಾನಾಗಿಯೇ ನೆರವಿಗೆ ಬರುತ್ತದೆ.

‘ಗೆದ್ದರೆ ಇಷ್ಟು ಪಾಲು’ ಎಂಬ ಒಪ್ಪಂದ ಮಾರುಕಟ್ಟೆಯಲ್ಲಿ ಅಪರೂಪವೇನಲ್ಲ. ದಾವೆಯ ಫಲಿತಾಂಶವನ್ನು ಅವಲಂಬಿಸಿ ಶುಲ್ಕ ಗೊತ್ತುಪಡಿಸುವುದನ್ನು, ಫಲದಲ್ಲಿ ಪಾಲು ಪಡೆಯುವುದನ್ನು 20ನೇ ನಿಯಮ ನಿಷೇಧಿಸುತ್ತದೆ. 2017ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ತೆಲಂಗಾಣದ ಒಂದು ಪ್ರಕರಣದಲ್ಲಿ, ಪರಿಹಾರದ ಮೊತ್ತದ ಶೇಕಡಾವಾರು ಲೆಕ್ಕದಲ್ಲಿ ಶುಲ್ಕ ಕೇಳುವುದು ವೃತ್ತಿಪರ ದುರ್ನಡತೆಯೆಂದು ಹೇಳಿ, ಕಕ್ಷಿದಾರೆ ಶುಲ್ಕಕ್ಕಾಗಿ ಕೊಟ್ಟಿದ್ದ ಚೆಕ್ಕಿನ ಮೇಲೆ ವಕೀಲರು ಹೂಡಿದ್ದ ಮೊಕದ್ದಮೆಯನ್ನೇ ರದ್ದುಪಡಿಸಿತು. ಹಳೆಯ ಬಾಕಿಗಳ ಬಗ್ಗೆ ‘ವಸೂಲಾದರೆ ಅರ್ಧ’ ಎಂದು ಒಪ್ಪುವ ವ್ಯಾಪಾರಿ ಇದನ್ನು ಗಮನಿಸಬೇಕು.

ಕಡತ ಯಾರದು?

ವಕೀಲರನ್ನು ಬದಲಿಸಬೇಕೆಂದಾಗ ಏಳುವ ಮೊದಲ ತಕರಾರು ಕಡತದ್ದು. ಮೂಲ ಚೆಕ್ಕು, ಬ್ಯಾಂಕಿನ ಹಿಂಬರಹ, ಡೆಲಿವರಿ ಚಲನ್, ಲೆಡ್ಜರ್ ಪ್ರತಿ ಎಲ್ಲವೂ ಹಳೆಯ ವಕೀಲರ ಕಚೇರಿಯಲ್ಲಿ. ಬಾಕಿ ಶುಲ್ಕ ಕೊಟ್ಟರಷ್ಟೇ ಕಡತ ಎಂಬ ಉತ್ತರ. ಈ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯ 2000ರಲ್ಲಿಯೇ ಇತ್ಯರ್ಥಪಡಿಸಿದೆ. ಮಧ್ಯಪ್ರದೇಶದ ಸಹಕಾರಿ ಬ್ಯಾಂಕೊಂದರ ಕಡತಗಳನ್ನು ಶುಲ್ಕದ ಬಾಕಿಗಾಗಿ ಹಿಡಿದಿಟ್ಟುಕೊಂಡಿದ್ದ ವಕೀಲರ ಪ್ರಕರಣ ಅದು. ಕಡತವು ಮಾರಬಹುದಾದ ಸರಕಲ್ಲ, ಅದರ ಮೇಲೆ ವಕೀಲರಿಗೆ ಒತ್ತೆಯ ಹಕ್ಕಿಲ್ಲ, ಬಾಕಿಯಿದ್ದರೆ ಬೇರೆ ಕಾನೂನು ಮಾರ್ಗದಲ್ಲಿ ವಸೂಲು ಮಾಡಿಕೊಳ್ಳಬೇಕು ಎಂಬುದು ತೀರ್ಪಿನ ಸಾರ.

ಬೆಂಗಳೂರಿನದೇ ಒಂದು ಪ್ರಕರಣ 1994ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಸುರಕ್ಷಿತವಾಗಿರಲೆಂದು ಒಪ್ಪಿಸಿದ್ದ ಉಯಿಲನ್ನು, ಎರಡು ಬಾರಿ ಪತ್ರ ಬರೆದು ಕೇಳಿದರೂ ವಕೀಲರು ಹಿಂದಿರುಗಿಸಲಿಲ್ಲವೆಂಬುದು ಆರೋಪ. ಅದು ನಂಬಿಕೆದ್ರೋಹವೆಂದು ಸಾಬೀತಾಗಿ, ಒಂದು ವರ್ಷ ಕಾಲ ವೃತ್ತಿಯಿಂದ ಅಮಾನತಾದ ಶಿಕ್ಷೆ ಸರ್ವೋಚ್ಚ ನ್ಯಾಯಾಲಯದಲ್ಲಿಯೂ ಉಳಿಯಿತು. ಆ ಎರಡು ಪತ್ರಗಳಿಲ್ಲದೆ ಬರಿಯ ಬಾಯಿಮಾತಿನ ಬೇಡಿಕೆಯಷ್ಟೇ ಇದ್ದಿದ್ದರೆ ದೂರು ಅಷ್ಟು ಗಟ್ಟಿಯಾಗಿ ನಿಲ್ಲುತ್ತಿತ್ತೇ ಎಂಬುದು ಯೋಚಿಸತಕ್ಕ ಮಾತು.

ವಕಾಲತ್ತಿನ ಅಚ್ಚು ನಮೂನೆಯಲ್ಲಿ ರಾಜಿ ಮಾಡುವ, ದಾವೆ ಹಿಂತೆಗೆಯುವ, ಹಣ ಸ್ವೀಕರಿಸುವ ಅಧಿಕಾರಗಳು ಸೇರಿರುವುದು ವಾಡಿಕೆ. ಬೇಡವಾದುದನ್ನು ಹೊಡೆದುಹಾಕಿ ಸಹಿ ಮಾಡಲು ಅಡ್ಡಿಯಿಲ್ಲ. ಕಕ್ಷಿದಾರನ ಸ್ಪಷ್ಟ ಸೂಚನೆಯಿಲ್ಲದೆ ಆತನ ಹಕ್ಕಿಗೆ ಧಕ್ಕೆ ತರುವ ಒಪ್ಪಿಗೆಯನ್ನು ವಕೀಲರು ನೀಡಲಾಗದೆಂದು 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆಯಾದರೂ, ಕೊಟ್ಟ ಒಪ್ಪಿಗೆಯನ್ನು ರದ್ದುಪಡಿಸಲು ಮತ್ತೆ ವರ್ಷಗಟ್ಟಲೆ ಅಲೆಯುವುದಕ್ಕಿಂತ ಮೊದಲೇ ಒಂದು ಗೆರೆ ಎಳೆಯುವುದು ಸುಲಭ.

ವ್ಯಾಪಾರಸ್ಥರಿಗೆ ತಾಗುವ ಇನ್ನು ಕೆಲವು ನಿಯಮಗಳಿವೆ. ಒಂದು ಪಕ್ಷಕ್ಕೆ ಸಲಹೆ ನೀಡಿದವರು ಅದೇ ವಿಷಯದಲ್ಲಿ ಎದುರು ಪಕ್ಷದ ಪರ ನಿಲ್ಲುವಂತಿಲ್ಲ. ತಾವು ನಡೆಸಿದ ದಾವೆಯ ಡಿಕ್ರಿ ಜಾರಿಯಲ್ಲಿ ಹರಾಜಾಗುವ ಆಸ್ತಿಯನ್ನು ಕೊಳ್ಳುವಂತಿಲ್ಲ. ವಕೀಲರು ಸ್ವತಃ ವ್ಯಾಪಾರ ನಡೆಸುವಂತಿಲ್ಲ. ವೃತ್ತಿಯ ಘನತೆಗೆ ಹೊಂದುವ ವ್ಯಾಪಾರದಲ್ಲಿ ನಿಷ್ಕ್ರಿಯ ಪಾಲುದಾರರಾಗಬಹುದಷ್ಟೆ. ಕಂಪನಿಯ ನಿರ್ದೇಶಕರಾಗಬಹುದು, ಆದರೆ ಕಾರ್ಯನಿರ್ವಾಹಕ ಸ್ವರೂಪದ ಹೊಣೆ ಇರಬಾರದು. ವ್ಯವಸ್ಥಾಪಕ ನಿರ್ದೇಶಕ ಅಥವಾ ಕಾರ್ಯದರ್ಶಿ ಹುದ್ದೆಯಂತೂ ಸಲ್ಲದು. ವಕೀಲ ಮಿತ್ರರನ್ನು ಪಾಲುದಾರಿಕೆ ಪತ್ರದಲ್ಲಿ ಕಾರ್ಯನಿರತ ಪಾಲುದಾರರೆಂದು ಸೇರಿಸುವವರು ಇಬ್ಬರಿಗೂ ತೊಂದರೆ ತಂದುಕೊಳ್ಳುತ್ತಾರೆ.

ಗೌಪ್ಯತೆಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ವಕೀಲರೊಡನೆ ಆಡಿದ ಮಾತಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಪ್ರಕರಣದ ರಕ್ಷಣೆಯಿದೆ. ಕಾನೂನುಬಾಹಿರ ಉದ್ದೇಶದ ಮಾತಿಗೆ ಇಲ್ಲ. ಲೆಕ್ಕಪರಿಶೋಧಕರೊಡನೆ ಆಡಿದ ಮಾತಿಗೆ ಈ ಪ್ರಕರಣದ ರಕ್ಷಣೆ ಸಿಗದು. ಸಂಬಳ ಪಡೆಯುವ ಕಾನೂನು ಅಧಿಕಾರಿಗೂ ಇದು ಅನ್ವಯಿಸದೆಂದು 2025ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ವ್ಯಾಪಾರಿಗಳು ಎಲ್ಲವನ್ನೂ ಮೊದಲು ತಿಳಿಸುವುದು ಲೆಕ್ಕ ಬರೆಯುವವರಿಗೇ ಎಂಬುದರಿಂದ ಈ ಭೇದ ನೆನಪಿನಲ್ಲಿರಲಿ.

ದೂರು ಎಲ್ಲಿಗೆ?

ವಕೀಲರ ಸಂಘ ಬೇರೆ, ವಕೀಲರ ಪರಿಷತ್ತು ಬೇರೆ. ಶಿಸ್ತುಕ್ರಮದ ಅಧಿಕಾರವಿರುವುದು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ. ಸಹಿ ಮತ್ತು ಪ್ರಮಾಣೀಕರಣ ಇರುವ ಅರ್ಜಿಯ ರೂಪದಲ್ಲಿ ದೂರು ಕೊಡಬೇಕು, ಕನ್ನಡದಲ್ಲಿಯೇ ಕೊಡಬಹುದು. ಮೇಲ್ನೋಟಕ್ಕೆ ದುರ್ನಡತೆ ಕಂಡುಬಂದರೆ 35ನೇ ಪ್ರಕರಣದಂತೆ ವಿಷಯ ಶಿಸ್ತು ಸಮಿತಿಗೆ ಹೋಗುತ್ತದೆ. ಸಮಿತಿಯು ದೂರನ್ನು ವಜಾ ಮಾಡಬಹುದು, ವಾಗ್ದಂಡನೆ ವಿಧಿಸಬಹುದು, ನಿರ್ದಿಷ್ಟ ಅವಧಿಗೆ ಅಮಾನತು ಮಾಡಬಹುದು ಅಥವಾ ಹೆಸರನ್ನೇ ಪಟ್ಟಿಯಿಂದ ತೆಗೆಯಬಹುದು. ಒಂದು ವರ್ಷದಲ್ಲಿ ಇತ್ಯರ್ಥವಾಗದಿದ್ದರೆ ಪ್ರಕರಣ ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ. ಮೇಲ್ಮನವಿಗೆ 60 ದಿನ. ಅಲ್ಲಿಂದ ಮುಂದೆ ಸರ್ವೋಚ್ಚ ನ್ಯಾಯಾಲಯಕ್ಕೆ ಮತ್ತೆ 60 ದಿನ.

ಈ ಮಾರ್ಗದಲ್ಲಿ ವಕೀಲರಿಗೆ ಶಿಕ್ಷೆಯಾದೀತೇ ಹೊರತು ಕಳೆದುಕೊಂಡ ಹಣ ಬರುವುದಿಲ್ಲ. ಹಣಕ್ಕಾಗಿ ಗ್ರಾಹಕರ ಆಯೋಗಕ್ಕೆ ಹೋಗಬಹುದೆಂಬ ನಂಬಿಕೆ ವ್ಯಾಪಾರಸ್ಥರಲ್ಲಿ ಇನ್ನೂ ಉಳಿದಿದೆ. ರಾಷ್ಟ್ರೀಯ ಆಯೋಗ 2007ರಲ್ಲಿ ಹಾಗೆ ಹೇಳಿದ್ದುಂಟು. ಆದರೆ 2024ರ ಮೇ 14ರಂದು ಬಾರ್ ಆಫ್ ಇಂಡಿಯನ್ ಲಾಯರ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿ, ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬಾರದೆಂದಿತು. ಈಗ ಉಳಿದಿರುವುದು ಸಿವಿಲ್ ದಾವೆ, ವಂಚನೆಯಾಗಿದ್ದಲ್ಲಿ ಕ್ರಿಮಿನಲ್ ದೂರು. ಸಣ್ಣ ಮೊತ್ತ ಕಳೆದುಕೊಂಡ ವ್ಯಾಪಾರಿಗೆ ಈ ತೀರ್ಪಿನಿಂದ ಒಂದು ಅಗ್ಗದ ಬಾಗಿಲು ಮುಚ್ಚಿತೆಂಬುದನ್ನು ಒಪ್ಪಲೇಬೇಕು. ಮುಷ್ಕರದ ದಿನ ಹಾಜರಾಗದ ವಕೀಲರ ವಿಷಯದಲ್ಲಿ ಮಾತ್ರ ಕಾನೂನು ಕಕ್ಷಿದಾರನ ಪರವಾಗಿದೆ: ವಕೀಲರಿಗೆ ಮುಷ್ಕರದ ಹಕ್ಕಿಲ್ಲವೆಂದು 2002ರ ಹರೀಶ್ ಉಪ್ಪಲ್ ಪ್ರಕರಣದಲ್ಲಿ ತೀರ್ಮಾನವಾಗಿದೆ.

ಬೆಂಗಳೂರಿನ ಹೆಸರು ಹೊತ್ತ ಸಂಹಿತೆ

ನ್ಯಾಯಾಧೀಶರ ನಡತೆಯ ವಿಷಯಕ್ಕೆ ಬಂದರೆ, ಜಗತ್ತಿನ ನ್ಯಾಯಾಂಗಗಳು ಉಲ್ಲೇಖಿಸುವ ಸಂಹಿತೆಗೆ ಈ ನಗರದ ಹೆಸರೇ ಇದೆ ಎಂಬುದು ನಗರದ ಅನೇಕರಿಗೇ ತಿಳಿಯದು. 2001ರ ಫೆಬ್ರವರಿಯಲ್ಲಿ ಹಲವು ದೇಶಗಳ ಹಿರಿಯ ನ್ಯಾಯಾಧೀಶರು ಬೆಂಗಳೂರಿನಲ್ಲಿ ಸೇರಿದರು. ಶ್ರೀಲಂಕೆಯ ನ್ಯಾಯಾಧೀಶ ವೀರಮಂತ್ರಿಯವರ ಅಧ್ಯಕ್ಷತೆ. ಆಸ್ಟ್ರೇಲಿಯದ ನ್ಯಾಯಮೂರ್ತಿ ಮೈಕೆಲ್ ಕರ್ಬಿ ವರದಿಗಾರರು. ಆಗ ಕರ್ನಾಟಕದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವೈ. ಭಾಸ್ಕರ ರಾವ್ ಸದಸ್ಯರಲ್ಲೊಬ್ಬರು. ಅಲ್ಲಿ ಸಿದ್ಧವಾದ ಕರಡು 2002ರ ನವೆಂಬರ್‌ನಲ್ಲಿ ಹೇಗ್ ನಗರದಲ್ಲಿ ಪರಿಷ್ಕೃತವಾಗಿ ಅಂಗೀಕೃತವಾಯಿತು. 2006ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ ಅದಕ್ಕೆ ಮನ್ನಣೆ ನೀಡಿತು. ಸ್ವಾತಂತ್ರ್ಯ, ನಿಷ್ಪಕ್ಷಪಾತ, ಪ್ರಾಮಾಣಿಕತೆ, ಔಚಿತ್ಯ, ಸಮಾನತೆ, ಸಾಮರ್ಥ್ಯದೊಡನೆ ಶ್ರದ್ಧೆ ಎಂಬ ಆರು ಮೌಲ್ಯಗಳೇ ‘ಬೆಂಗಳೂರು ತತ್ತ್ವಗಳು’.

ಭಾರತದ ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳ ಮಟ್ಟಿಗೆ ಇನ್ನೂ ಮೊದಲೇ, 1997ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯದ ಪೂರ್ಣ ಸಭೆ ಹದಿನಾರು ಅಂಶಗಳ ನ್ಯಾಯಾಂಗ ಜೀವನ ಮೌಲ್ಯಗಳ ನಿರೂಪಣೆಯನ್ನು ಅಂಗೀಕರಿಸಿತ್ತು. ನ್ಯಾಯಮೂರ್ತಿಗಳು ಪ್ರತ್ಯಕ್ಷವಾಗಿ ಅಥವಾ ಪರೋಕ್ಷವಾಗಿ ವ್ಯಾಪಾರ ಮಾಡಬಾರದು, ಷೇರುಗಳಲ್ಲಿ ಸಟ್ಟಾ ನಡೆಸಬಾರದು, ಕುಟುಂಬ ಮತ್ತು ಆಪ್ತ ಸ್ನೇಹಿತರ ಹೊರತು ಬೇರೆಯವರಿಂದ ಉಡುಗೊರೆ ಅಥವಾ ಆತಿಥ್ಯ ಪಡೆಯಬಾರದು, ನಿಧಿ ಸಂಗ್ರಹದಲ್ಲಿ ತೊಡಗಬಾರದು. ತಾವು ಷೇರು ಹೊಂದಿರುವ ಕಂಪನಿಯ ಪ್ರಕರಣವನ್ನು, ಅದನ್ನು ಬಹಿರಂಗಪಡಿಸಿ ಆಕ್ಷೇಪವಿಲ್ಲವೆಂದು ಖಚಿತವಾಗದ ಹೊರತು ಕೇಳಬಾರದು. ದೀಪಾವಳಿಗೆ ಸಿಹಿಪೆಟ್ಟಿಗೆಯೊಡನೆ ನ್ಯಾಯಾಧೀಶರ ಮನೆ ಬಾಗಿಲಿಗೆ ಹೋಗಲೆಳಸುವ ಉದ್ಯಮಿಯೂ, ಸಮಾರಂಭಕ್ಕೆ ಅವರನ್ನು ಕರೆದು ಬೆಳ್ಳಿಯ ಸ್ಮರಣಿಕೆ ಕೊಡಲೆಣಿಸುವ ವರ್ತಕರ ಸಂಘವೂ ಈ ಪಟ್ಟಿಯನ್ನು ಒಮ್ಮೆ ನೋಡುವುದು ಒಳಿತು. ಪ್ರಾಮಾಣಿಕ ನ್ಯಾಯಾಧೀಶರನ್ನು ಮುಜುಗರಕ್ಕೆ ಸಿಲುಕಿಸುವುದು ಗೌರವ ಸಲ್ಲಿಸಿದಂತಲ್ಲ.

ಆಸ್ತಿ ಘೋಷಣೆಯ ವಿಷಯದಲ್ಲಿ ಕರ್ನಾಟಕದ ಪಾತ್ರ ಗಮನಾರ್ಹ. 2009ರ ಆಗಸ್ಟ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಡಿ.ವಿ. ಶೈಲೇಂದ್ರ ಕುಮಾರ್ ಅವರು ಘೋಷಣೆಯ ಪರವಾಗಿ ಬಹಿರಂಗವಾಗಿ ಬರೆದರು. ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳು ಆಸ್ತಿ ವಿವರ ಪ್ರಕಟಿಸಲು ಒಪ್ಪಿದರು. 2025ರ ಮೇ ತಿಂಗಳಲ್ಲಿ ಆ ವಿವರಗಳು ಮತ್ತೆ ವ್ಯಾಪಕವಾಗಿ ಪ್ರಕಟವಾದವು. ಪ್ರತಿವರ್ಷ ತನ್ನ ಆದಾಯದ ವಿವರ ಸಲ್ಲಿಸುವ ವ್ಯಾಪಾರಿಗೆ ಇದು ಅತಿಯಾದ ನಿರೀಕ್ಷೆಯೆಂದು ತೋರದು.

ಆದರೆ ಈ ಸಂಹಿತೆಗಳ ಹಿಂದೆ ದಂಡದ ಬಲ ಕಡಿಮೆ. ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯನ್ನು ಪದಚ್ಯುತಗೊಳಿಸಲು ಸಂಸತ್ತಿನ ನಿರ್ಣಯವೇ ಬೇಕು. ಉಳಿದದ್ದು 1999ರಲ್ಲಿ ರೂಪಿಸಿದ ಆಂತರಿಕ ವಿಚಾರಣಾ ಪದ್ಧತಿ. ಕರ್ನಾಟಕದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಪಿ.ಡಿ. ದಿನಕರನ್ ಅವರ ವಿರುದ್ಧ 2009ರ ಡಿಸೆಂಬರ್‌ನಲ್ಲಿ ರಾಜ್ಯಸಭೆಯಲ್ಲಿ ಗೊತ್ತುವಳಿ ಅಂಗೀಕೃತವಾಗಿ ವಿಚಾರಣಾ ಸಮಿತಿ ನೇಮಕವಾದರೂ, 2011ರ ಜುಲೈನಲ್ಲಿ ಅವರು ರಾಜೀನಾಮೆ ನೀಡಿದ್ದರಿಂದ ಆರೋಪಗಳು ನಿಜವೋ ಸುಳ್ಳೋ ಎಂಬುದು ತೀರ್ಮಾನವಾಗದೆಯೇ ಉಳಿಯಿತು.

ಮೇಯೊ ಹಾಲ್‌ನಂತಹ ಅಧೀನ ನ್ಯಾಯಾಲಯಗಳ ಸ್ಥಿತಿ ಬೇರೆ. ಸಂವಿಧಾನದ 235ನೇ ಅನುಚ್ಛೇದದಂತೆ ಅವುಗಳ ನ್ಯಾಯಾಧೀಶರು ಉಚ್ಚ ನ್ಯಾಯಾಲಯದ ನಿಯಂತ್ರಣಕ್ಕೆ ಒಳಪಟ್ಟವರು. ದೂರನ್ನು ಅಲ್ಲಿನ ವಿಚಕ್ಷಣಾ ರಿಜಿಸ್ಟ್ರಾರರಿಗೆ ಪ್ರಮಾಣಪತ್ರ ಮತ್ತು ಪರಿಶೀಲಿಸಬಹುದಾದ ಆಧಾರಗಳೊಂದಿಗೆ ಸಲ್ಲಿಸಬೇಕು. ತೀರ್ಪು ವಿರುದ್ಧವಾಯಿತೆಂಬುದು ದೂರಿಗೆ ಕಾರಣವಾಗದು, ಅದಕ್ಕೆ ಮೇಲ್ಮನವಿಯಿದೆ.

‘ಸಾಹೇಬರು ಪರಿಚಯ, ಸ್ವಲ್ಪ ಖರ್ಚಾಗುತ್ತದೆ’ ಎಂದು ಬರುವ ಮಧ್ಯವರ್ತಿಯ ಮಾತು ಬಹುಪಾಲು ಬರಿಯ ಸುಳ್ಳಾಗಿರುತ್ತದೆ. ಆ ಹಣ ನ್ಯಾಯಾಧೀಶರ ಹತ್ತಿರವೂ ಸುಳಿಯುವುದಿಲ್ಲ. ಸುಳ್ಳಾದರೂ ನಿಜವಾದರೂ ಕೊಟ್ಟವನಿಗೆ ಅಪಾಯ ತಪ್ಪದು. ಭ್ರಷ್ಟಾಚಾರ ನಿರೋಧ ಕಾಯಿದೆಗೆ 2018ರಲ್ಲಿ ಆದ ತಿದ್ದುಪಡಿಯಂತೆ ಲಂಚ ಕೊಡುವುದೂ ಏಳು ವರ್ಷಗಳವರೆಗೆ ಸೆರೆವಾಸಕ್ಕೆ ಗುರಿಯಾಗುವ ಅಪರಾಧ. ಒತ್ತಾಯಕ್ಕೆ ಸಿಲುಕಿ ಕೊಟ್ಟವನಿಗೆ ಮಾತ್ರ, ಕೊಟ್ಟ ದಿನದಿಂದ ಏಳು ದಿನಗಳೊಳಗೆ ತನಿಖಾ ಸಂಸ್ಥೆಗೆ ವರದಿ ಮಾಡಿದರೆ, ಕಾನೂನು ವಿನಾಯಿತಿ ನೀಡುತ್ತದೆ. ಕರ್ನಾಟಕದಲ್ಲಿ 2022ರ ಆಗಸ್ಟ್‌ನಲ್ಲಿ ಭ್ರಷ್ಟಾಚಾರ ನಿಗ್ರಹ ದಳ ರದ್ದಾದಂದಿನಿಂದ ಅಂತಹ ವರದಿ ಸಲ್ಲಬೇಕಾದುದು ಲೋಕಾಯುಕ್ತ ಪೊಲೀಸರಿಗೆ.