ಭೀಮಾತೀರದಲ್ಲಿ ಹೆಸರು ಹೊತ್ತು ನಿಂತ ಅಶೋಕ

1986ರಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿಯ ಗುಡಿಯ ಚಾವಣಿ ಕುಸಿಯಿತು. ಮೂರ್ತಿಯೂ ಮುರಿಯಿತು. ಅದರ ಪೀಠವಾಗಿದ್ದ ಚಪ್ಪಡಿಯನ್ನು ನೋಡಿದರೆ ಎರಡೂ ಬದಿಯಲ್ಲಿ ಬ್ರಾಹ್ಮಿ ಅಕ್ಷರಗಳು! ಅದು ಅಶೋಕನ ಶಾಸನ. ಮೂರ್ತಿಯನ್ನು ಕೂರಿಸಲು ಹಿಂದೆ ಯಾರೋ ನಡುವೆ ಕುಳಿ ಕೊರೆದಿದ್ದರಿಂದ ಕೆಲವು ಸಾಲುಗಳು ಅಳಿದುಹೋಗಿದ್ದವು. ಉಳಿದದ್ದನ್ನು ಓದಿದಾಗ, ಅಲ್ಲಿಯವರೆಗೆ ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಸಿಕ್ಕಿದ್ದ, ವಿದ್ವಾಂಸರು ‘ಪ್ರತ್ಯೇಕ ಶಾಸನ’ಗಳೆಂದು ಕರೆಯುವ ಅಶೋಕನ ಬರಹಗಳು ಭೀಮಾ ದಂಡೆಯಲ್ಲೂ ಇರುವುದು ತಿಳಿಯಿತು.

ಅದಕ್ಕಿಂತ ದೊಡ್ಡ ಬೆರಗು ಸನ್ನತಿಗೆ ಕೆಲವೇ ಕಿಲೋಮೀಟರ್ ದೂರದ ಕನಗನಹಳ್ಳಿಯಲ್ಲಿತ್ತು. 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಲ್ಲಿ ಅಗೆದಾಗ ಕುಸಿದುಬಿದ್ದ ಒಂದು ಭಾರಿ ಸ್ತೂಪ ಹೊರಬಂತು. ನಾಡಿನ ಎಷ್ಟೋ ಮನೆಗಳ ನೆಲಕ್ಕೆ ಕಲ್ಲು ಕೊಟ್ಟ ಶಹಾಬಾದ್ ಇದೇ ಸೀಮೆಯ ಊರು. ಸುಣ್ಣಕಲ್ಲಿಗೆ ಇಲ್ಲಿ ಕೊರತೆಯಿಲ್ಲ. ಸ್ತೂಪದ ಮೈಗೆ ಹೊದಿಸಿದ್ದೂ ಸುಣ್ಣಕಲ್ಲಿನ ಚಪ್ಪಡಿಗಳನ್ನೇ. ಅವುಗಳ ಮೇಲೆ ಜಾತಕ ಕಥೆಗಳು, ಬುದ್ಧನ ಬದುಕಿನ ಸನ್ನಿವೇಶಗಳು, ಬೋಧಿವೃಕ್ಷ, ಧರ್ಮಚಕ್ರ. ಜೊತೆಗೆ ರಾಜರು.

ಅವುಗಳಲ್ಲಿ ಒಂದು ಚಪ್ಪಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕು. ಮುಂಡಾಸು ಸುತ್ತಿ, ಕಿವಿ ಕೊರಳುಗಳಿಗೆ ಭಾರದ ಆಭರಣ ತೊಟ್ಟ ಅರಸ, ಪಕ್ಕದಲ್ಲಿ ರಾಣಿ, ಛತ್ರ, ಚಾಮರ ಹಿಡಿದ ಪರಿಚಾರಕಿಯರು. ಯುದ್ಧವಿಲ್ಲ, ಆನೆ ಕುದುರೆಗಳ ಸಡಗರವಿಲ್ಲ. ಶಿಲ್ಪದೊಂದಿಗೇ ಬ್ರಾಹ್ಮಿಯಲ್ಲಿ ಕೊರೆದಿದ್ದಾರೆ: ‘ರಾಯೋ ಅಸೋಕೋ’. ಪ್ರಾಕೃತದ ಈ ಎರಡು ಪದಗಳೇ ಈ ಶಿಲ್ಪವನ್ನು ಭಾರತದ ಶಿಲ್ಪಗಳ ನಡುವೆ ಬೇರೆಯಾಗಿ ನಿಲ್ಲಿಸಿವೆ. ಸಾಂಚಿಯ ದಕ್ಷಿಣ ತೋರಣದಲ್ಲೂ ಅಶೋಕನಿದ್ದಾನೆ, ರಾಮಗ್ರಾಮದ ಸ್ತೂಪಕ್ಕೆ ಹೊರಟಿದ್ದಾನೆ. ಆದರೆ ಅಲ್ಲಿ ಅವನ ಹೆಸರಿಲ್ಲ. ಕಥೆಯ ಜಾಡು ಹಿಡಿದು ವಿದ್ವಾಂಸರು ಗುರುತಿಸಿದ್ದು.

ಹಾಗೆಂದು ಅಶೋಕ ಹೀಗೇ ಇದ್ದ ಎಂದುಕೊಳ್ಳುವಂತಿಲ್ಲ. ಅವನು ತೀರಿಕೊಂಡದ್ದು ಕ್ರಿ.ಪೂ. 232ರ ಸುಮಾರಿಗೆ. ಈ ಚಪ್ಪಡಿ ಕಂಡರಿಸಿದ್ದು ಶತಮಾನಗಳ ನಂತರ, ಶಾತವಾಹನರ ಕಾಲದಲ್ಲಿ. ಶಿಲ್ಪಿ ಅಶೋಕನನ್ನು ಕಂಡವನಲ್ಲ. ತನ್ನ ಕಾಲದ ಅರಸನ ಉಡುಗೆ ತೊಡುಗೆಯನ್ನೇ ಅವನಿಗೆ ತೊಡಿಸಿದ್ದಾನೆ. ಈ ಶಿಲ್ಪದ ಬೆಲೆ ಇರುವುದು ಮುಖದ ಹೋಲಿಕೆಯಲ್ಲಲ್ಲ, ನೆನಪಿನಲ್ಲಿ. ಮೌರ್ಯ ಸಾಮ್ರಾಜ್ಯ ಅಳಿದು ಎಷ್ಟೋ ತಲೆಮಾರು ಕಳೆದ ಮೇಲೂ ಪಾಟಲಿಪುತ್ರದಿಂದ ಇಷ್ಟು ದೂರದ ಬೌದ್ಧರು ಅವನನ್ನು ತಮ್ಮವನೆಂದು ಸ್ತೂಪದಲ್ಲಿ ನಿಲ್ಲಿಸಿಕೊಂಡರು. ಮುಂದೆ ಆ ಹೆಸರೇ ಮರೆವಿಗೆ ಸಂದಿತು. ಶಾಸನಗಳು ‘ದೇವಾನಾಂಪ್ರಿಯ’ ಎಂದು ಕರೆಯುವ ಅರಸ ಅಶೋಕನೇ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿದ್ದು 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ.

ಕನಗನಹಳ್ಳಿಯಲ್ಲಿ ಶಾತವಾಹನ ಅರಸರೂ ಹೆಸರು ಸಮೇತ ಇದ್ದಾರೆ. ವಂಶದ ಮೂಲಪುರುಷ ಸಿಮುಕ ಇದ್ದಾನೆ. ಶಾತಕರ್ಣಿ ಮಹಾಚೈತ್ಯಕ್ಕೆ, ಅಂದರೆ ಮಹಾಸ್ತೂಪಕ್ಕೆ, ಬೆಳ್ಳಿಯ ತಾವರೆಗಳನ್ನು ಅರ್ಪಿಸುತ್ತಾನೆ. ಪುಳುಮಾವಿ ಅಜಯತ ಎಂಬಾತನಿಗೆ ಉಜ್ಜಯಿನಿಯನ್ನು ಕೊಡುತ್ತಾನೆ. ಕೊಡುವ ಕೈಯಾಗಿಯೇ ಅರಸರನ್ನು ನೆನೆದಿರುವುದು ಈ ಶಿಲ್ಪಗಳ ಸೊಗಸು.

ಇವರೆಲ್ಲ ಬೌದ್ಧರೇ ಆಗಿದ್ದರೇ? ಇಲ್ಲ. ಶಾತವಾಹನರು ವೈದಿಕ ಯಜ್ಞಗಳನ್ನು ಮಾಡಿದ್ದಕ್ಕೆ ನಾಣೇಘಾಟ್ ಶಾಸನ ಸಾಕ್ಷಿ. ಅವರ ನಂತರ ಕೃಷ್ಣಾ ಕಣಿವೆಯಲ್ಲಿ ಆಳಿದ ಇಕ್ಷ್ವಾಕುಗಳ ನಾಗಾರ್ಜುನಕೊಂಡದಲ್ಲಿ ಇದು ಇನ್ನೂ ಸ್ಪಷ್ಟ. ಅರಸ ಚಾಂತಮೂಲ ಅಶ್ವಮೇಧ ಮಾಡಿದವನು. ಅಲ್ಲಿನ ಮಹಾಚೈತ್ಯಕ್ಕೆ ಕೈಬಿಚ್ಚಿ ಕೊಟ್ಟವಳು ಅವನ ಸೋದರಿ ಚಾಂತಿಸಿರಿ. ಆ ಮನೆತನದ ಮಗಳು ಕೊಡಬಲಿಸಿರಿ ವನವಾಸದ, ಅಂದರೆ ನಮ್ಮ ಬನವಾಸಿಯ ಮಹಾರಾಜನ ರಾಣಿ. ಅವಳೂ ಅಲ್ಲೊಂದು ವಿಹಾರ ಕಟ್ಟಿಸಿದಳು. ಒಂದೇ ಅರಮನೆಯಲ್ಲಿ ಗಂಡಸರದು ಯಜ್ಞ, ಹೆಂಗಸರದು ಸ್ತೂಪ.

ಆದರೂ ಈ ಕಲೆಯನ್ನೆಲ್ಲ ರಾಜರ ಲೆಕ್ಕಕ್ಕೇ ಬರೆದರೆ ಅನ್ಯಾಯವಾದೀತು. ಸಾಂಚಿಯ ದಕ್ಷಿಣ ತೋರಣದ ಒಂದು ಕಂಬದ ಕೆತ್ತನೆ ವಿದಿಶೆಯ ದಂತದ ಕೆಲಸಗಾರರದೆಂದು ಅಲ್ಲಿನ ಬರಹವೇ ಹೇಳುತ್ತದೆ. ಅದೇ ತೋರಣದ ಒಂದು ತೊಲೆಯನ್ನು ಕೊಟ್ಟವನು ಶಾತಕರ್ಣಿಯ ಕುಶಲಕರ್ಮಿಗಳ ಮುಖ್ಯಸ್ಥ ಆನಂದ. ಕನಗನಹಳ್ಳಿಯ ಕಲ್ಲುಗಳಲ್ಲೂ ಭಿಕ್ಷುಗಳು, ಭಿಕ್ಷುಣಿಯರು, ಗೃಹಸ್ಥರು, ಹೆಣ್ಣುಮಕ್ಕಳು ತಮ್ಮ ಹೆಸರಿನಲ್ಲಿ ದಾನ ಬರೆಸಿದ್ದಾರೆ.

ಅಗೆತ ಮುಗಿದ ಮೇಲೆ ಈ ಚಪ್ಪಡಿಗಳು ಬಹುಕಾಲ ಬಿಸಿಲು ಮಳೆಗೆ ಮೈಯೊಡ್ಡಿ ಬಿದ್ದಿದ್ದವು. ಸುಣ್ಣಕಲ್ಲಿನ ನವಿರು ಗೆರೆಗಳು ಅದನ್ನು ಹೆಚ್ಚು ದಿನ ತಾಳಲಾರವು. ಈಚಿನ ವರ್ಷಗಳಲ್ಲಿ ತುಣುಕುಗಳನ್ನು ಜೋಡಿಸಿ ಸ್ತೂಪವನ್ನು ಮತ್ತೆ ನಿಲ್ಲಿಸುವ ಕೆಲಸಕ್ಕೆ ಪುರಾತತ್ವ ಇಲಾಖೆ ಕೈಹಾಕಿದೆ. ಚಂದ್ರಲಾಂಬೆಯ ದರ್ಶನಕ್ಕೆ ಬರುವ ಭಕ್ತರು ದಾರಿಯನ್ನು ತುಸು ಬಳಸಿದರೆ ಕನಗನಹಳ್ಳಿಯನ್ನೂ ಕಂಡುಬರಬಹುದು.