ಬಿಎಸ್ಸಿ ಲ್ಯಾಬ್‌ನಲ್ಲಿ ರೀಡಿಂಗ್ ತಪ್ಪಿ ಬಂದರೆ ಏನು ಮಾಡುತ್ತೀರಿ? ವಿಜ್ಞಾನ ವಿದ್ಯಾರ್ಥಿ ಬೆಳೆಯುವುದೇ ಅಲ್ಲಿ!

ಡಿಗ್ರಿಯಲ್ಲಿ ವಿಜ್ಞಾನ ಓದಿದ ಯಾರನ್ನೇ ಕೇಳಿ, ಈ ದೃಶ್ಯ ಅವರಿಗೆ ಗೊತ್ತಿರುತ್ತದೆ. ಪ್ರಾಕ್ಟಿಕಲ್ ಮುಗಿಯಲು ಹತ್ತು ನಿಮಿಷ ಬಾಕಿ. ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷದ ಬೆಲೆ 9.68 ಬಂದಿದೆ. ಪುಸ್ತಕದಲ್ಲಿ ಇರುವುದು 9.81. ರೆಕಾರ್ಡ್‌ಗೆ ಲೆಕ್ಚರರ್ ಸಹಿ ಬೀಳಬೇಕು. ಪಕ್ಕದಲ್ಲಿದ್ದ ಗೆಳೆಯ ಮೆಲ್ಲಗೆ ಹೇಳುತ್ತಾನೆ, "ಟೈಮ್ ರೀಡಿಂಗ್ ಒಂಚೂರು ಕಡಿಮೆ ಬರ್ಕೊಳ್ಳೋ, ಸರಿ ಹೋಗುತ್ತೆ." ರಬ್ಬರ್ ಕೆಲಸ ಮಾಡುತ್ತದೆ. ಉತ್ತರ 9.81 ಆಗುತ್ತದೆ. ಅಂಕವೂ ಸಿಗುತ್ತದೆ.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಕಾಲೇಜಿನ ಮೂರು ನಾಲ್ಕು ವರ್ಷಗಳಲ್ಲಿ ಒಬ್ಬ ವಿಜ್ಞಾನ ವಿದ್ಯಾರ್ಥಿ ನಿಜಕ್ಕೂ ಬೆಳೆದನೇ ಇಲ್ಲವೇ ಎಂಬುದು ಆ ಹತ್ತು ನಿಮಿಷದಲ್ಲಿ ಅವನು ಏನು ಮಾಡಿದ ಎಂಬುದನ್ನು ಬಹಳಷ್ಟು ಅವಲಂಬಿಸಿದೆ. ಹೇಗೆ ಅಂತೀರಾ? ಇಲ್ಲಿದೆ ವಿವರ.

9.81 ಯಾವ ಊರಿನದು?

ಮೊದಲು ಆ ಸಂಖ್ಯೆಯನ್ನೇ ನೋಡೋಣ. ಭೂಮಿ ಪೂರ್ತಿ ದುಂಡಗಿಲ್ಲ, ಜೊತೆಗೆ ಅದು ತಿರುಗುತ್ತಲೂ ಇದೆ. ಹಾಗಾಗಿ ಗುರುತ್ವ ವೇಗೋತ್ಕರ್ಷ ಎಲ್ಲ ಕಡೆ ಒಂದೇ ಇರುವುದಿಲ್ಲ. ಸಮಭಾಜಕ ವೃತ್ತದ ಬಳಿ ಕಡಿಮೆ, ಧ್ರುವಗಳ ಕಡೆ ಹೋದಂತೆ ಹೆಚ್ಚು. ಎತ್ತರದ ಜಾಗಗಳಲ್ಲಿ ಇನ್ನೂ ಸ್ವಲ್ಪ ಕಡಿಮೆ.

ಬೆಂಗಳೂರು ಮತ್ತು ಚೆನ್ನೈನಲ್ಲಿ ಇದರ ಬೆಲೆ ಸುಮಾರು 9.78. ಮುಂಬೈನಲ್ಲಿ ಸುಮಾರು 9.79. ದೆಹಲಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. 9.81 ಎಂಬುದು ಲಂಡನ್, ಪ್ಯಾರಿಸ್‌ನಂತಹ ಊರುಗಳ ಬೆಲೆ. ಅಂದರೆ ಬೆಂಗಳೂರಿನ ಲ್ಯಾಬ್‌ನಲ್ಲಿ ಕುಳಿತು ಕಷ್ಟಪಟ್ಟು 9.81 'ತಂದ' ವಿದ್ಯಾರ್ಥಿ ಸರಿ ಉತ್ತರ ಬರೆದಿಲ್ಲ, ಬೇರೆ ದೇಶದ ಉತ್ತರ ಬರೆದಿದ್ದಾನೆ!

ಪಿಯುಸಿ ಅಥವಾ ಹನ್ನೆರಡನೇ ತರಗತಿಯವರೆಗೆ ಉತ್ತರ ಪುಸ್ತಕದ ಕೊನೆಯಲ್ಲಿ ಇರುತ್ತದೆ. ನಮ್ಮ ಉತ್ತರ ಅದಕ್ಕೆ ಹೊಂದಿದರೆ ಸರಿ, ಹೊಂದದಿದ್ದರೆ ತಪ್ಪು. ನೀಟ್, ಜೆಇಇ, ಸಿಇಟಿ ಎಲ್ಲವೂ ಇದೇ ಅಭ್ಯಾಸವನ್ನು ಗಟ್ಟಿ ಮಾಡುತ್ತವೆ. ಡಿಗ್ರಿಗೆ ಬಂದ ಮೇಲೆ ಬಿಡಬೇಕಾದ ಮೊದಲ ಅಭ್ಯಾಸ ಇದೇ. ಏಕೆಂದರೆ ಮುಂದೆ ಸಂಶೋಧನೆಯಲ್ಲಿ ಆಗಲಿ, ಔಷಧ ಕಂಪನಿಯ ಗುಣಮಟ್ಟ ವಿಭಾಗದಲ್ಲಿ ಆಗಲಿ, ಉತ್ತರ ಮೊದಲೇ ಯಾರಿಗೂ ಗೊತ್ತಿರುವುದಿಲ್ಲ.

ತಪ್ಪನ್ನು ಅಳಿಸುವುದಲ್ಲ, ಹುಡುಕುವುದು

ಹಾಗಾದರೆ 9.68 ಬಂದಾಗ ಏನು ಮಾಡಬೇಕು? ಎರಡು ಪ್ರಶ್ನೆ ಕೇಳಿಕೊಳ್ಳಬೇಕು.

ಒಂದು, ನನ್ನ ಅಳತೆ ಎಷ್ಟು ನಂಬಿಕೆಗೆ ಅರ್ಹ? ಒಂದು ಮೀಟರ್ ಉದ್ದದ ಲೋಲಕ ಒಂದು ಸಲ ಹೋಗಿ ಬರಲು ಸುಮಾರು 2 ಸೆಕೆಂಡ್ ಬೇಕು. ಸ್ಟಾಪ್‌ವಾಚ್ ಒತ್ತುವಾಗ ನಮ್ಮ ಬೆರಳು 0.2 ಸೆಕೆಂಡ್ ಆಚೀಚೆ ಆಗುತ್ತದೆ ಎಂದುಕೊಳ್ಳಿ. ಒಂದೇ ಆಂದೋಲನ ಅಳೆದರೆ ಸಮಯದಲ್ಲಿ ಶೇ. 10ರಷ್ಟು, ಅಂತಿಮ ಉತ್ತರದಲ್ಲಿ ಶೇ. 20ರಷ್ಟು ಅನಿಶ್ಚಿತತೆ ಬರುತ್ತದೆ. ಅದೇ 20 ಆಂದೋಲನ ಎಣಿಸಿದರೆ ಒಟ್ಟು ಸಮಯ 40 ಸೆಕೆಂಡ್. ಅದೇ 0.2 ಸೆಕೆಂಡ್ ತಪ್ಪು ಈಗ ಉತ್ತರದಲ್ಲಿ ಬರೀ ಶೇ. 1ರಷ್ಟು ವ್ಯತ್ಯಾಸ ತರುತ್ತದೆ. ಮ್ಯಾನ್ಯುಯಲ್‌ನಲ್ಲಿ "20 ಆಂದೋಲನ ಎಣಿಸಿ" ಎಂದು ಬರೆದಿರುವುದು ಇದಕ್ಕೇ. ಇದನ್ನು ಅರ್ಥ ಮಾಡಿಕೊಂಡವರು 9.68 ಎಂದು ಮಾತ್ರ ಬರೆಯುವುದಿಲ್ಲ, "9.68, ಇದರಲ್ಲಿ 0.1ರಷ್ಟು ಆಚೀಚೆ ಇರಬಹುದು" ಎಂದು ಬರೆಯುತ್ತಾರೆ. ಆಗ 9.78 ಕೂಡ ಆ ಮಿತಿಯೊಳಗೇ ಇದೆ ಎಂದು ಗೊತ್ತಾಗುತ್ತದೆ.

ಎರಡು, ಪ್ರತಿ ಸಲವೂ ಒಂದೇ ಕಡೆಗೆ ಎಳೆಯುವ ತಪ್ಪು ಏನಾದರೂ ಇದೆಯೇ? ಮತ್ತೆ ಮತ್ತೆ ಅಳೆದರೂ 9.68ರ ಆಸುಪಾಸಿನಲ್ಲೇ ಬಂದರೆ ಅನುಮಾನ ಪಡಬೇಕು. ಲೋಲಕದ ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆಯಬೇಕು. ಬರೀ ದಾರವನ್ನು ಗುಂಡಿನ ಮೇಲ್ಭಾಗದವರೆಗೆ ಅಳೆದು, ಗುಂಡಿನ ತ್ರಿಜ್ಯ 1 ಸೆಂ.ಮೀ. ಬಿಟ್ಟರೆ ಉದ್ದ ಶೇ. 1ರಷ್ಟು ಕಡಿಮೆ ಆಗುತ್ತದೆ. ಉತ್ತರವೂ ಶೇ. 1ರಷ್ಟು ಕಡಿಮೆ. 9.78 ಬರಬೇಕಾದಲ್ಲಿ ಸರಿಯಾಗಿ 9.68 ಬರುತ್ತದೆ! ರೀಡಿಂಗ್ ತಿದ್ದಿದವನಿಗೆ ಇದು ಜೀವನಪೂರ್ತಿ ಗೊತ್ತಾಗುವುದಿಲ್ಲ. ಅರ್ಧ ಗಂಟೆ ತಲೆ ಕೆಡಿಸಿಕೊಂಡವಳಿಗೆ ಅಳತೆ ಎಂದರೇನು ಎಂಬುದೇ ಅರ್ಥವಾಗಿರುತ್ತದೆ.

ಚೆನ್ನೈ ಕಾಲೇಜಿನ ಹುಡುಗ ಕಂಡ ಪಟ್ಟಿಗಳು

ಹೊಂದದ ರೀಡಿಂಗ್‌ಗೆ ಗಮನ ಕೊಟ್ಟರೆ ಏನಾಗಬಹುದು ಎಂಬುದಕ್ಕೆ ದೊಡ್ಡ ಉದಾಹರಣೆ ನಮ್ಮಲ್ಲೇ ಇದೆ. ಸಿ.ವಿ. ರಾಮನ್ ಚೆನ್ನೈನ ಪ್ರೆಸಿಡೆನ್ಸಿ ಕಾಲೇಜು ಸೇರಿದರು. 1904ರಲ್ಲಿ ಬಿ.ಎ. ಮುಗಿಸಿದರು. ಅಲ್ಲೇ ಎಂ.ಎ. ಓದುತ್ತಿದ್ದಾಗ ಸ್ಪೆಕ್ಟ್ರೋಮೀಟರ್‌ನಲ್ಲಿ ಪ್ರಿಸಂನ ಕೋನ ಅಳೆಯುವ ಪ್ರಯೋಗ ಮಾಡುತ್ತಿದ್ದರು. ಇಂದಿಗೂ ಬಿಎಸ್ಸಿ ಭೌತಶಾಸ್ತ್ರದ ವಿದ್ಯಾರ್ಥಿಗಳು ಮಾಡುವ ಅದೇ ಮಾಮೂಲಿ ಪ್ರಯೋಗ.

ಬೆಳಕು ಪ್ರಿಸಂನ ಮೈಗೆ ತೀರಾ ಓರೆಯಾಗಿ ಬಿದ್ದು ಪ್ರತಿಫಲಿಸಿದಾಗ ದೂರದರ್ಶಕದಲ್ಲಿ ಕಪ್ಪು ಬಿಳುಪಿನ ಪಟ್ಟಿಗಳು ಕಂಡವು. ಎರಡೂ ಬದಿಯ ಪಟ್ಟಿಗಳು ಒಂದೇ ಸಮ ಇರಲಿಲ್ಲ. ಕೋನ ಅಳೆಯಲು ಅವು ಬೇಕಾಗಿಯೇ ಇರಲಿಲ್ಲ. ಬೇರೆಯವರಾಗಿದ್ದರೆ ಪ್ರಿಸಂ ಸರಿಸಿ, ರೀಡಿಂಗ್ ಬರೆದು ಮುಂದೆ ಹೋಗುತ್ತಿದ್ದರೇನೋ. ರಾಮನ್ ಅದರ ಹಿಂದೆಯೇ ಬಿದ್ದರು. ಅಳೆದು, ಕಾರಣ ಹುಡುಕಿ ಬರೆದ ಪ್ರಬಂಧ 1906ರ ನವೆಂಬರ್‌ನಲ್ಲಿ ಲಂಡನ್ನಿನ 'ಫಿಲಾಸಾಫಿಕಲ್ ಮ್ಯಾಗಜೀನ್'ನಲ್ಲಿ ಪ್ರಕಟವಾಯಿತು. ಆಗ ಅವರಿಗೆ 18 ವರ್ಷ.

ಗಮನಿಸಿ, ಆ ಕಾಲೇಜಿನಲ್ಲಿ ವಿಶೇಷ ಯಂತ್ರ ಏನೂ ಇರಲಿಲ್ಲ. ಎಲ್ಲ ವಿದ್ಯಾರ್ಥಿಗಳ ಮುಂದೆ ಇದ್ದ ಸ್ಪೆಕ್ಟ್ರೋಮೀಟರೇ ಅವರ ಮುಂದೆಯೂ ಇತ್ತು.

ಮುಂಬೈ ಹುಡುಗಿಗೆ ಮುಚ್ಚಿದ ಬಾಗಿಲು

ಆದರೆ ಎಲ್ಲರಿಗೂ ಲ್ಯಾಬ್‌ನ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಇದೇ ರಾಮನ್ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಅದೇ ವರ್ಷ ಬಾಂಬೆ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಮುಗಿಸಿದ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು, ಅಲ್ಲಿಗೆ ಅರ್ಜಿ ಹಾಕಿದರು. ಹೆಣ್ಣು ಎಂಬ ಕಾರಣಕ್ಕೆ ರಾಮನ್ ಪ್ರವೇಶ ಕೊಡಲಿಲ್ಲ.

ಕಮಲಾ ಸುಮ್ಮನೆ ಮನೆಗೆ ಮರಳಲಿಲ್ಲ, ಪಟ್ಟು ಹಿಡಿದರು. ಕೊನೆಗೆ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು. ಮೊದಲ ವರ್ಷ ಪರೀಕ್ಷಾರ್ಥ ಅವಧಿ. ಅವರ ಕೆಲಸ ನಿರ್ದೇಶಕರಿಗೆ ಒಪ್ಪಿಗೆಯಾದರೆ ಮಾತ್ರ ಮಾನ್ಯತೆ. ಅವರಿಂದ ಉಳಿದವರ ಗಮನಕ್ಕೆ ಭಂಗ ಬರಬಾರದು. ಈ ಷರತ್ತುಗಳು ತಮಗೆ ಆದ ಅವಮಾನ ಎಂದು ಕಮಲಾ ಮುಂದೆ ಹೇಳಿಕೊಂಡಿದ್ದಾರೆ. ಆದರೂ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್‌ಗಳ ಮೇಲೆ ಕೆಲಸ ಮಾಡಿ 1936ರಲ್ಲಿ ಎಂಎಸ್ಸಿ ಪಡೆದರು. ಅವರ ಕೆಲಸ ನೋಡಿದ ಮೇಲೆ ರಾಮನ್ ಸಂಸ್ಥೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಕೊಡಲು ಒಪ್ಪಿದರು. 1939ರಲ್ಲಿ ಕಮಲಾ ಕೇಂಬ್ರಿಡ್ಜ್‌ನಿಂದ ಪಿಎಚ್‌ಡಿ ಪಡೆದರು.

ವಿಜ್ಞಾನ ವಿದ್ಯಾರ್ಥಿಯ ವೈಯಕ್ತಿಕ ಬೆಳವಣಿಗೆ ಎಂದರೆ ಇದೂ ಹೌದು. "ನನಗೆ ಗೊತ್ತಿಲ್ಲ" ಎನ್ನುವ ಧೈರ್ಯದ ಜೊತೆಗೆ "ನನಗೆ ಯಾಕಿಲ್ಲ?" ಎಂದು ಕೇಳುವ ಧೈರ್ಯವೂ ಬೇಕು. ಇಂದು ಹೆಣ್ಣುಮಕ್ಕಳಿಗೆ ಪ್ರವೇಶದ ತಡೆ ಇಲ್ಲ. ಆದರೆ ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಪಾಠದ ಮುಂದೆ ಮೌನವಾಗಿ ಕೂರುವವರು, ಕುಟುಂಬದಲ್ಲಿ ಮೊದಲ ಬಾರಿ ಡಿಗ್ರಿ ಮೆಟ್ಟಿಲು ಹತ್ತಿದವರು ಈಗಲೂ ಅದೇ ಹಿಂಜರಿಕೆ ಅನುಭವಿಸುತ್ತಾರೆ. ಅಂಥವರಿಗೆ ಲ್ಯಾಬ್ ಒಂದು ಒಳ್ಳೆಯ ಜಾಗ. ಅಲ್ಲಿ ಭಾಷೆಗಿಂತ ಕೈ ಮತ್ತು ಕಣ್ಣು ಮೊದಲು ಮಾತಾಡುತ್ತವೆ.

ವರ್ಷದಿಂದ ವರ್ಷಕ್ಕೆ ಏನು ಬದಲಾಗಬೇಕು?

ಮೊದಲ ವರ್ಷ: ಉತ್ತರಕ್ಕಿಂತ ವಿಧಾನ ಮುಖ್ಯ ಎಂಬ ಅಭ್ಯಾಸ. ರೀಡಿಂಗ್‌ಗಳನ್ನು ಪೆನ್ನಿನಲ್ಲೇ ಬರೆಯಿರಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆಯಿರಿ. ಅಳಿಸಬೇಡಿ.

ಎರಡನೇ ವರ್ಷ: ಪ್ರಶ್ನೆ ಕೇಳುವ ಅಭ್ಯಾಸ. ವೈವಾದಲ್ಲಿ ಉತ್ತರ ಗೊತ್ತಿಲ್ಲದಿದ್ದರೆ ಸುತ್ತಿ ಬಳಸಿ ಹೇಳುವ ಬದಲು "ಗೊತ್ತಿಲ್ಲ ಸರ್, ಆದರೆ ಹೀಗಿರಬಹುದು ಅನ್ನಿಸುತ್ತೆ" ಎನ್ನಿ. ಜೊತೆಗೆ ಕಂಪ್ಯೂಟರ್‌ನಲ್ಲಿ ದತ್ತಾಂಶವನ್ನು ಗ್ರಾಫ್ ಮಾಡಲು ಪೈಥಾನ್‌ನಂತಹ ಉಚಿತ ಸಾಧನ ಕಲಿಯಿರಿ.

ಮೂರನೇ ವರ್ಷ: ಕಾಲೇಜಿನ ಹೊರಗೆ ಕಾಲಿಡುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿ ಮತ್ತು ಪ್ರಯಾಗ್‌ರಾಜ್‌ನ ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತಾ ಬಂದಿದೆ. ಆಯ್ಕೆಯಾದ ವಿದ್ಯಾರ್ಥಿಗಳು ಸುಮಾರು ಎರಡು ತಿಂಗಳು ವಿಜ್ಞಾನಿಯೊಬ್ಬರ ಬಳಿ ಕೆಲಸ ಮಾಡಬಹುದು. ಅಲ್ಲಿ ಬರುವ ಮೊದಲ ಪಾಠವೂ ಇದೇ: ಹೆಚ್ಚಿನ ದಿನ ಪ್ರಯೋಗ ಕೈಕೊಡುತ್ತದೆ.

ಎಂಎಸ್ಸಿಗೆ ಐಐಟಿಗಳನ್ನು ಸೇರಬೇಕಿದ್ದರೆ ಜಾಮ್ ಪರೀಕ್ಷೆ ಇದೆ, ಸಾಮಾನ್ಯವಾಗಿ ಫೆಬ್ರವರಿಯಲ್ಲಿ ನಡೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌ಡಿಗೂ ಜಾಮ್ ಅಂಕ ಬಳಕೆಯಾಗುತ್ತದೆ. ಬರೀ ಬಾಯಿಪಾಠದಿಂದ ಇದನ್ನು ದಾಟುವುದು ಕಷ್ಟ.

ಮೂರು ವರ್ಷವೋ, ನಾಲ್ಕು ವರ್ಷವೋ?

ಈ ಗೊಂದಲ ಹಲವರಿಗಿದೆ. ಕರ್ನಾಟಕ 2021-22ರಲ್ಲಿ ನಾಲ್ಕು ವರ್ಷದ ಪದವಿ ಜಾರಿ ಮಾಡಿ, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ದೆಹಲಿ ವಿಶ್ವವಿದ್ಯಾಲಯ ಮತ್ತು ಮಹಾರಾಷ್ಟ್ರದ ವಿಶ್ವವಿದ್ಯಾಲಯಗಳಲ್ಲಿ ನಾಲ್ಕನೇ ವರ್ಷದ ಆಯ್ಕೆ ಇದೆ. ಯುಜಿಸಿ ಚೌಕಟ್ಟಿನ ಪ್ರಕಾರ, ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕ ಇದ್ದವರು ನಾಲ್ಕನೇ ವರ್ಷದಲ್ಲಿ ಸಂಶೋಧನೆ ಸಹಿತ ಆನರ್ಸ್ ಮಾಡಬಹುದು. ಮಕ್ಕಳನ್ನು ಊರಿನಿಂದ ಹೊರಗೆ ಅಥವಾ ಹೊರಗಿನಿಂದ ಊರಿಗೆ ಕಳುಹಿಸುವ ಮುನ್ನ ಪೋಷಕರು ಆಯಾ ವಿಶ್ವವಿದ್ಯಾಲಯದ ನಿಯಮ ನೋಡಿಕೊಳ್ಳುವುದು ಒಳ್ಳೆಯದು.

ಪೋಷಕರೇ, ಈ ಪ್ರಶ್ನೆ ಕೇಳಿ ನೋಡಿ

ಹಲವು ಮನೆಗಳಲ್ಲಿ ಬಿಎಸ್ಸಿ ಎಂದರೆ ನೀಟ್ ಅಥವಾ ಎಂಜಿನಿಯರಿಂಗ್ ಸೀಟು ಸಿಗದವರ ದಾರಿ ಎಂಬ ಭಾವನೆ ಇದೆ. ಆ ಮಾತನ್ನು ದಿನವೂ ಕೇಳುವ ಮಗ ಅಥವಾ ಮಗಳು ಅಂಕ ತೋರಿಸಿಯೇ ಬೆಲೆ ಗಳಿಸಬೇಕು ಎಂದುಕೊಳ್ಳುತ್ತಾರೆ. ಲ್ಯಾಬ್‌ನಲ್ಲಿ ರೀಡಿಂಗ್ ತಿದ್ದುವ ಅಭ್ಯಾಸದ ಬೇರು ಎಷ್ಟೋ ಸಲ ಇಲ್ಲೇ ಇರುತ್ತದೆ.

ಸೆಮಿಸ್ಟರ್ ಮುಗಿಸಿ ಮನೆಗೆ ಬಂದಾಗ "ಎಷ್ಟು ಬಂತು?" ಎಂದು ಕೇಳುವ ಮೊದಲು "ಯಾವ ಪ್ರಯೋಗ ಕೈಕೊಟ್ಟಿತು? ಯಾಕೆ?" ಎಂದು ಒಮ್ಮೆ ಕೇಳಿ ನೋಡಿ. ಉತ್ತರ ನಿಮಗೆ ಪೂರ್ತಿ ಅರ್ಥವಾಗದಿರಬಹುದು, ಪರವಾಗಿಲ್ಲ. ಕಣ್ಣರಳಿಸಿ ಹತ್ತು ನಿಮಿಷ ವಿವರಿಸಿದರೆ, ನಿಮ್ಮ ಮಗು ಕಾಲೇಜಿನಲ್ಲಿ ಸರಿಯಾದ ದಾರಿಯಲ್ಲೇ ಇದೆ.