ಹಿಂಬದಿಯ ಅಕ್ಷರ ಮುಂಬದಿಗೆ ಕಾಣುವುದೇಕೆ?

ಕೆಲವು ಪುಸ್ತಕಗಳನ್ನು ಓದುವಾಗ ಪುಟದ ಹಿಂಬದಿಯ ಸಾಲುಗಳೂ ನೆರಳಿನಂತೆ ಕಾಣುತ್ತವೆ. ಪ, ಫ, ಷ ಅಕ್ಷರಗಳಿಗಿರುವ ವ್ಯತ್ಯಾಸ ಒಂದು ಸಣ್ಣ ಗೆರೆ ಮಾತ್ರ. ಅಲ್ಲಿ ನೆರಳು ಬಿದ್ದರೆ ಓದುವ ಮಕ್ಕಳ ಕಣ್ಣಿಗೆ ಶ್ರಮ. ಇದು ಶಾಯಿಯ ದೋಷವೇ, ಕಾಗದದ ದೋಷವೇ?

ಕಾಗದವೆಂದರೆ ನಾರುಗಳ ಹೆಣಿಗೆ. ನಾರುಗಳ ನಡುವಿನ ಗಾಳಿಯ ಸಂದುಗಳಲ್ಲಿ ಬೆಳಕು ಚದುರಿ ಹಿಂದಿರುಗುವುದರಿಂದಲೇ ಕಾಗದ ಬೆಳ್ಳಗೆ ಕಾಣುತ್ತದೆ, ಹಿಂಬದಿಯನ್ನು ಮರೆಮಾಡುತ್ತದೆ. ಬೋಂಡಾ ಕಟ್ಟಿದ ಕಾಗದವನ್ನು ನೋಡಿರಿ. ಎಣ್ಣೆ ಆ ಸಂದುಗಳನ್ನು ತುಂಬಿದೊಡನೆ ಬೆಳಕು ದಾಟಿಹೋಗುತ್ತದೆ. ಅಚ್ಚಿನ ಶಾಯಿಯಲ್ಲೂ ಎಣ್ಣೆಯಿರುವುದುಂಟು. ಶಾಯಿ ಹೆಚ್ಚಾದರೆ, ಕಾಗದ ಅದನ್ನು ಆಳವಾಗಿ ಹೀರಿದರೆ, ಇದೇ ಆಗುತ್ತದೆ.

ಕಾಗದದ ತೂಕವೂ ಮುಖ್ಯ. ವೃತ್ತಪತ್ರಿಕೆಯ ಕಾಗದ ಚದರ ಮೀಟರಿಗೆ ಸುಮಾರು 45 ಗ್ರಾಂ. ನಕಲು ಯಂತ್ರದ್ದು 70ರಿಂದ 80 ಗ್ರಾಂ. ಆದರೆ ತೂಕವೊಂದೇ ಸಾಲದು. ತಯಾರಿಸುವಾಗ ಬಿಳಿ ಜೇಡಿಮಣ್ಣು, ಸುಣ್ಣಕಲ್ಲಿನ ನುಣ್ಣನೆ ಪುಡಿ ಅಥವಾ ಟೈಟಾನಿಯಂ ಡೈಆಕ್ಸೈಡ್ ಬೆರೆಸಿದರೆ ತೆಳು ಕಾಗದವೂ ಚೆನ್ನಾಗಿ ಮರೆಮಾಡಬಲ್ಲದು. ಉರುಳೆಗಳ ನಡುವೆ ಬಲವಾಗಿ ಒತ್ತಿ ನುಣುಪುಗೊಳಿಸಿದರೆ ಸಂದುಗಳು ಕುಗ್ಗಿ ಆ ಗುಣ ತಗ್ಗುತ್ತದೆ. ಆದುದರಿಂದ ನುಣುಪಾದುದೆಲ್ಲ ಉತ್ತಮ ಕಾಗದವೆಂಬ ಎಣಿಕೆ ಸರಿಯಲ್ಲ.

ಕಾಗದ ಕೊಳ್ಳುವಾಗ ಒಂದು ಹಾಳೆಯನ್ನು ಅಚ್ಚಾದ ಪುಟದ ಮೇಲಿಟ್ಟು ನೋಡಿರಿ. ಕೆಳಗಿನ ಅಕ್ಷರ ಎಷ್ಟು ಮಸುಕೋ ಅಷ್ಟು ಒಳ್ಳೆಯದು. ಕೈಯಲ್ಲಿರುವ ಪುಸ್ತಕವೇ ತೊಂದರೆ ಕೊಟ್ಟರೆ, ಓದುವ ಹಾಳೆಯ ಕೆಳಗೆ ಕಪ್ಪು ಕಾಗದವನ್ನಿಡಿರಿ. ದಾಟಿದ ಬೆಳಕನ್ನೆಲ್ಲ ಅದು ನುಂಗುವುದರಿಂದ ಹಿಂಬದಿಯ ಅಕ್ಷರ ಬೇರೆಯಾಗಿ ಎದ್ದು ಕಾಣದು.